ಊರಿಗೆ ಹೆಸರಿಡುವ ಯಂತ್ರ: ತಾನಾಗಿ ಹುಟ್ಟುವ ವೆಬ್ ವಿಳಾಸಗಳೂ ಗಡಿನಾಡಿನ ಊರಹೆಸರುಗಳೂ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಳ್ಳಲಾಗಿದೆ.)

ಇವತ್ತಿನ ವಿಷಯ ನೋಡೋಕೆ ಸಣ್ಣದು. ಡ್ರೂಪಲ್, ವರ್ಡ್‌ಪ್ರೆಸ್ ಥರದ ಸಿಎಂಎಸ್‌ಗಳಲ್ಲಿ ಪ್ರತಿ ಪುಟಕ್ಕೂ ಒಳಗೆ ಒಂದು ಸಂಖ್ಯೆ ಇರುತ್ತದೆ. ಓದುಗರಿಗೆ ಆ ಸಂಖ್ಯೆ ತೋರಿಸುವ ಬದಲು ಅರ್ಥವಾಗುವ ಒಂದು ಅಡ್ಡಹೆಸರು ಕೊಡುತ್ತೇವೆ. ಇದನ್ನೇ ಯುಆರ್‌ಎಲ್ ಅಲಿಯಾಸ್ ಅನ್ನೋದು. ಪುಟ ಹತ್ತಿದ್ದಾಗ ಕೈಯಲ್ಲೇ ಬರೆಯಬಹುದು. ಸಾವಿರ ಆದಾಗ ಮಾಡ್ಯೂಲಿಗೆ ಒಪ್ಪಿಸಬೇಕು. ಡ್ರೂಪಲ್‌ನಲ್ಲಿ ಆ ಕೆಲಸ ಮಾಡುವುದು ಪಾಥ್‌ಆಟೋ. ಶೀರ್ಷಿಕೆ, ವರ್ಗ, ದಿನಾಂಕ ಇವುಗಳ ಟೋಕನ್ ಇಟ್ಟು ಒಂದು ಮಾದರಿ ಕೊಟ್ಟರೆ, ಪುಟ ಉಳಿಸಿದ ಕೂಡಲೇ ವಿಳಾಸ ತಯಾರು.

ಈ ಅನುಕೂಲದ ಒಳಗೆ ಒಂದು ತೀರ್ಮಾನ ಅಡಗಿದೆ. ಊರಿನ ಹೆಸರನ್ನು ಹೇಗೆ ಬರೆಯಬೇಕು, ಅದು ಯಾವ ಜಿಲ್ಲೆಯದು ಎಂಬುದನ್ನು ಯಾರನ್ನೂ ಕೇಳದೆ ಯಂತ್ರವೇ ನಿರ್ಧರಿಸುತ್ತದೆ. ಬೆಂಗಳೂರಿನ ಅಂಗಡಿಯ ತಾಣಕ್ಕೆ ಇದರಿಂದ ದೊಡ್ಡ ನಷ್ಟವಿಲ್ಲ. ಆದರೆ ರಾಯದುರ್ಗ, ಮಡಕಶಿರ ಸೀಮೆಯ ಊರುಗಳು, ಶಾಸನಗಳು, ಕನ್ನಡ ಶಾಲೆಗಳ ಬಗ್ಗೆ ಒಂದು ದಾಖಲೆ ತಾಣ ಕಟ್ಟುತ್ತೇವೆ ಅಂತ ಇಟ್ಟುಕೊಳ್ಳಿ. ಅಲ್ಲಿ ಕನ್ನಡದ ರಾಯದುರ್ಗ ತೆಲುಗಿನಲ್ಲಿ ರಾಯದುರ್ಗಂ. ಇಂಗ್ಲಿಷ್ ಬರಹದಲ್ಲಿ ಎಷ್ಟೋ ಸಲ ಕೊನೆಯ 'ಅ'ಕಾರ ಬಿದ್ದುಹೋಗುತ್ತದೆ. ಒಂದೇ ಊರಿಗೆ ಮೂರು ರೂಪ ಇರುವಲ್ಲಿ ಯಂತ್ರದ ಕಾಗುಣಿತಕ್ಕೆ ಬಹಳ ಬೆಲೆ ಬಂದುಬಿಡುತ್ತದೆ.

1. ಕನ್ನಡದಲ್ಲೇ ಬಿಟ್ಟರೆ

ಸಹಜವಾದ ಮೊದಲ ಆಯ್ಕೆ ಇದು. ಬ್ರೌಸರಿನ ವಿಳಾಸಪಟ್ಟಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ನಕಲು ಮಾಡಿ ವಾಟ್ಸಾಪಿಗೆ ಹಾಕಿದಾಗ ಗೊತ್ತಾಗುತ್ತದೆ ಕಥೆ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಗುರುತು ಸೇರಿ 3 ಅಕ್ಷರವಾಗುತ್ತದೆ. ಅಂದರೆ ಒಂದು ಕನ್ನಡ ಚಿಹ್ನೆಗೆ 9 ಅಕ್ಷರ. 'ರಾಯದುರ್ಗ'ದಲ್ಲಿ ದೀರ್ಘ, ಕೊಂಬು, ವಿರಾಮ ಎಲ್ಲ ಸೇರಿ 8 ಚಿಹ್ನೆಗಳಿವೆ. ಊರ ಹೆಸರೊಂದೇ 72 ಅಕ್ಷರ.

ಇದು ಬರೀ ಅಂದಚಂದದ ಪ್ರಶ್ನೆಯಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ವರ್ಡ್‌ಪ್ರೆಸ್ ಈ ಉದ್ದನೆಯ ರೂಪವನ್ನೇ ಡೇಟಾಬೇಸಿನಲ್ಲಿ ಇಡುತ್ತದೆ, ಮತ್ತು ಅದಕ್ಕೆ 200 ಅಕ್ಷರಗಳ ಮಿತಿ ಇದೆ. 'ರಾಯದುರ್ಗ ತಾಲೂಕಿನ ಕನ್ನಡ ಶಾಲೆಗಳು' ಎಂಬ ಶೀರ್ಷಿಕೆ ಕೊಡಿ. ಮೊದಲ ಮೂರು ಪದ, ನಡುವಿನ ಅಡ್ಡಗೆರೆಗಳು ಸೇರಿ 183. ಇನ್ನೊಂದು ಚಿಹ್ನೆ ಹಿಡಿದರೆ 192. ಅಲ್ಲಿಗೆ ಜಾಗ ಮುಗಿಯಿತು. ಉಳಿಯುವುದು 'ರಾಯದುರ್ಗ-ತಾಲೂಕಿನ-ಕನ್ನಡ-ಶ'. ಈಗ 'ರಾಯದುರ್ಗ ತಾಲೂಕಿನ ಕನ್ನಡ ಶಾಸನಗಳು' ಅಂತ ಇನ್ನೊಂದು ಪುಟ ಮಾಡಿ. ಅದೂ 'ಶ'ಕ್ಕೇ ನಿಲ್ಲುತ್ತದೆ. ಶಾಲೆಯೂ ಶಾಸನವೂ ಒಂದೇ ಹೆಸರಿಗೆ ಬಂದವು. ಎರಡನೆಯದಕ್ಕೆ ಯಂತ್ರ '-2' ಅಂತ ಬಾಲ ಕಟ್ಟುತ್ತದೆ. ಪಾಥ್‌ಆಟೋ ಕನ್ನಡವನ್ನು ಕನ್ನಡವಾಗಿಯೇ ಇಟ್ಟುಕೊಂಡು ಕಳಿಸುವಾಗ ಮಾತ್ರ ಸಂಕೇತಕ್ಕೆ ತಿರುಗಿಸುವುದರಿಂದ ಅಲ್ಲಿ ಈ ಕತ್ತರಿ ಪ್ರಯೋಗ ಇಷ್ಟು ಬೇಗ ಆಗೋದಿಲ್ಲ.

2. ಕಾಗುಣಿತ ಉದುರಿದರೆ

ಪೈಥಾನ್‌ನ ಜ್ಯಾಂಗೋ ಚೌಕಟ್ಟಿನಲ್ಲಿ ಇದೇ ಕೆಲಸಕ್ಕೆ ಸ್ಲಗಿಫೈ ಎಂಬ ಸಣ್ಣ ಫಂಕ್ಷನ್ ಇದೆ. ಸುಮ್ಮನೆ ಕನ್ನಡ ಕೊಟ್ಟರೆ ಖಾಲಿ ಉತ್ತರ ಬರುತ್ತದೆ. ಯುನಿಕೋಡ್ ಇರಲಿ ಅಂತ ಅನುಮತಿ ಕೊಟ್ಟರೆ 'ರಾಯದುರ್ಗ' ಹೋಗಿ 'ರಯದರಗ' ಬರುತ್ತದೆ, 'ಮಡಕಶಿರ' 'ಮಡಕಶರ'ವಾಗುತ್ತದೆ.

ಕಾರಣ ಸರಳ. ಯುನಿಕೋಡಿನಲ್ಲಿ ನಮ್ಮ ಸ್ವರಚಿಹ್ನೆಗಳೂ ವಿರಾಮವೂ 'ಅಕ್ಷರ'ದ ವರ್ಗದಲ್ಲಿಲ್ಲ, 'ಗುರುತು'ಗಳ ವರ್ಗದಲ್ಲಿವೆ. ಪದದೊಳಗೆ ಏನೇನು ಇರಬಹುದು ಅನ್ನುವ ಪೈಥಾನಿನ ಲೆಕ್ಕಕ್ಕೆ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಸೇರುತ್ತವೆ. ಗುರುತುಗಳು ಕಸದ ಜೊತೆ ಹೋಗುತ್ತವೆ. ನಿಮ್ಮದೇ ಮಾಡ್ಯೂಲಿನಲ್ಲಿ ಶುದ್ಧೀಕರಣದ ಸಾಲು ಬರೆಯುವಾಗ ಅಕ್ಷರದ ಜೊತೆಗೆ ಗುರುತಿನ ವರ್ಗವನ್ನೂ ಸೇರಿಸಿ. ಕನ್ನಡಕ್ಕೆ ಅರ್ಧ ಜೀವ ಇರೋದೇ ಅದರಲ್ಲಿ.

ಇನ್ನೊಂದು ಸೂಕ್ಷ್ಮ. 'ರೊಳ್ಳ'ದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಕೊಂಬು ಎಂಬ ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಅರ್ಧಾಕ್ಷರದ ಪಕ್ಕದಲ್ಲಿ ನಾವು ಹಾಕುವ ಕಣ್ಣಿಗೆ ಕಾಣದ ಜೋಡಣೆ-ತಡೆ ಚಿಹ್ನೆಯದೂ ಇದೇ ಪಾಡು. ಆದ್ದರಿಂದ ಎಲ್ಲಕ್ಕೂ ಮೊದಲು ಪಠ್ಯವನ್ನು ಎನ್‌ಎಫ್‌ಸಿ ರೂಪಕ್ಕೆ ತನ್ನಿ, ಆ ಅದೃಶ್ಯ ಚಿಹ್ನೆಯನ್ನು ವಿಳಾಸದಿಂದ ತೆಗೆಯಿರಿ.

3. ರೋಮನ್ ಲಿಪಿಗೆ ತಿರುಗಿಸಿದರೆ

ಹಾಗಾದರೆ ಲಿಪ್ಯಂತರ ಮಾಡೋಣ ಅಂತ ಹಲವರು ಹೊರಡುತ್ತಾರೆ. ಅದಕ್ಕೆ ಎರಡು ದಾರಿ ಇವೆ. ಯುನಿಡಿಕೋಡ್ ಬಗೆಯ ಕೋಷ್ಟಕಗಳು ಒಂದೊಂದು ಚಿಹ್ನೆಯನ್ನೂ ಬಿಡಿಬಿಡಿಯಾಗಿ ನೋಡುತ್ತವೆ. ವ್ಯಂಜನದ ಒಳಗಿರುವ 'ಅ' ಅವುಗಳಿಗೆ ಕಾಣುವುದೇ ಇಲ್ಲ. 'ಮಡಕಶಿರ' ಅಲ್ಲಿ ಎಂ, ಡಿ, ಡಿ, ಕೆ, ಎಸ್, ಎಚ್, ಐ, ಆರ್. ಓದಿ ನೋಡೋಣ ಯಾರಾದರೂ! ಇನ್ನೂ ತೊಡಕು ಅಂದ್ರೆ, ಮೂರ್ಧನ್ಯ 'ಣ'ಕ್ಕೆ ಎರಡು ಎನ್ ಕೊಡುತ್ತಾರೆ. ಹೀಗಾಗಿ 'ಕಣ'ವೂ 'ಕನ್ನ'ವೂ ಒಂದೇ ಆಗುತ್ತವೆ: ಕೆ, ಎನ್, ಎನ್. ರೈತನ ಕಣಕ್ಕೂ ಕಳ್ಳನ ಕನ್ನಕ್ಕೂ ವ್ಯತ್ಯಾಸ ಉಳಿಯಲಿಲ್ಲ.

ಎರಡನೆಯ ದಾರಿ ಐಸಿಯು ಗ್ರಂಥಾಲಯದ ಕನ್ನಡ-ಲ್ಯಾಟಿನ್ ನಿಯಮಗಳು. ಪಿಎಚ್‌ಪಿಯ ಇಂಟಲ್ ವಿಸ್ತರಣೆಯಲ್ಲಿ ಇವು ಸಿಗುತ್ತವೆ. ಇವು ಪಕ್ಕದ ಚಿಹ್ನೆಯನ್ನೂ ನೋಡಿ, ಒಳಗಿನ 'ಅ'ಕಾರವನ್ನು ಉಳಿಸುತ್ತವೆ. ಮೇಲಿನ ಗೆರೆ, ಕೆಳಗಿನ ಚುಕ್ಕೆಗಳನ್ನು ತೆಗೆದರೆ ಮಡಕಶಿರ, ಅಗಳಿ, ರೊಳ್ಳ ಇವು ಬಸ್ಸಿನ ಬೋರ್ಡಿನಲ್ಲಿ ನೋಡುವ ಇಂಗ್ಲಿಷ್ ರೂಪಕ್ಕೇ ಬರುತ್ತವೆ. ರಾಯದುರ್ಗಕ್ಕೆ ಮಾತ್ರ ಕೊನೆಯಲ್ಲಿ ಒಂದು 'ಎ' ಹೆಚ್ಚು. ಯಂತ್ರ ಇಲ್ಲಿ ಕನ್ನಡದ ಪ್ರಕಾರ ಸರಿ, ರೂಢಿಯ ಪ್ರಕಾರ ಬೇರೆ. ಯಾವುದನ್ನು ಉಳಿಸಿಕೊಳ್ಳಬೇಕು ಅನ್ನೋದನ್ನ ಗ್ರಂಥಾಲಯ ಹೇಳಲಾರದು, ನಾವೇ ಹೇಳಬೇಕು.

4. ಜಿಲ್ಲೆಯನ್ನು ವಿಳಾಸದೊಳಗೆ ಕಟ್ಟಿದರೆ

ಪಾಥ್‌ಆಟೋ ಮಾದರಿಯಲ್ಲಿ 'ಜಿಲ್ಲೆ/ತಾಲೂಕು/ಊರು' ಅಂತ ಮೆಟ್ಟಿಲು ಕಟ್ಟೋದು ಎಲ್ಲರಿಗೂ ಇಷ್ಟ. ಚೊಕ್ಕವಾಗಿ ಕಾಣುತ್ತದೆ. ಆದರೆ ಈ ಸೀಮೆಯ ಚರಿತ್ರೆ ನೋಡಿ. ರಾಯದುರ್ಗ ತಾಲೂಕು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. 1953ರಲ್ಲಿ ಆಂಧ್ರ ರಾಜ್ಯ ಆದಾಗ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು; ಬಳ್ಳಾರಿ ಮೈಸೂರಿಗೆ ಬಂತು. ರಾಯದುರ್ಗ ಅನಂತಪುರ ಜಿಲ್ಲೆ ಸೇರಿತು. 2022ರ ಏಪ್ರಿಲ್ 4ರಂದು ಆಂಧ್ರಪ್ರದೇಶದ ಜಿಲ್ಲೆಗಳು ಮತ್ತೆ ವಿಂಗಡಣೆಯಾದವು. ಮಡಕಶಿರ ಪುಟ್ಟಪರ್ತಿ ಕೇಂದ್ರವಾಗಿರುವ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಊರು ಇದ್ದಲ್ಲೇ ಇದೆ, ಮೇಲಿನ ಹೆಸರು ಮಾತ್ರ ಬದಲು.

ಆ ದಿನ ನೀವು ಜಿಲ್ಲೆಯ ಪದವನ್ನು ತಿದ್ದಿ ಪುಟಗಳನ್ನೆಲ್ಲ ಮತ್ತೆ ಉಳಿಸಿದರೆ ಏನಾಗುತ್ತದೆ? ಪಾಥ್‌ಆಟೋದಲ್ಲಿ ಮೂರು ಆಯ್ಕೆಗಳಿವೆ: ಹಳೆಯದನ್ನು ಹಾಗೇ ಬಿಡುವುದು, ಹೊಸದನ್ನು ಮಾಡಿ ಹಳೆಯದನ್ನೂ ಉಳಿಸುವುದು, ಹೊಸದನ್ನು ಮಾಡಿ ಹಳೆಯದನ್ನು ಅಳಿಸುವುದು. ಮೂರನೆಯದು ಜಾರಿಯಲ್ಲಿದ್ದು, ಜೊತೆಗೆ ರೀಡೈರೆಕ್ಟ್ ಮಾಡ್ಯೂಲ್ ಇಲ್ಲದಿದ್ದರೆ, ಅಮರಾಪುರದಿಂದ ಅಗಳಿಯವರೆಗಿನ ಹಳೆಯ ಕೊಂಡಿಗಳೆಲ್ಲ ಒಂದೇ ಏಟಿಗೆ ಸತ್ತವು. ಪುಸ್ತಕದ ಅಡಿಟಿಪ್ಪಣಿಯಲ್ಲಿ ಅಚ್ಚಾದ ವಿಳಾಸವನ್ನು ಯಾರು ತಿದ್ದುತ್ತಾರೆ?

ಜಿಲ್ಲೆ ತೆಗೆದರೆ ಇನ್ನೊಂದು ತೊಂದರೆ ಎದುರಾಗುತ್ತದೆ ಅಂತ ನೀವು ಕೇಳಬಹುದು. ನಿಜ. ಮಡಕಶಿರದ ಪಕ್ಕ ಒಂದು ಗುಡಿಬಂಡೆ ಇದೆ, ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಇನ್ನೊಂದಿದೆ. ಹೇಮಾವತಿ ಅಂದರೆ ಹಾಸನದವರಿಗೆ ನದಿ. ಮಡಕಶಿರ ಸೀಮೆಯವರಿಗೆ ನೊಳಂಬರ ರಾಜಧಾನಿಯಾಗಿದ್ದ ಊರು, ಹಳೆಯ ಹೆಸರು ಹೆಂಜೇರು. ಹೆಸರು ಡಿಕ್ಕಿಯಾದಾಗ ಪಾಥ್‌ಆಟೋ ಎರಡನೆಯದಕ್ಕೆ '-0' ಅಂಟಿಸುತ್ತದೆ. ಯಾವ ಪುಟ ಮೊದಲು ಉಳಿಸಿದರೋ ಅದು ಅಸಲು, ಇನ್ನೊಂದು ಸೊನ್ನೆ. ಇಂಥ ಕಡೆ 'ಗುಡಿಬಂಡೆ-ಮಡಕಶಿರ' ಅಂತ ಜನ ಆಡುವ ಗುರುತನ್ನೇ ಕೈಯಾರೆ ಸೇರಿಸಬೇಕು.

5. ಹಾಗಾದರೆ ಜೋಡಣೆ ಹೇಗೆ?

ನನ್ನ ಸಲಹೆ ಹೀಗಿದೆ. ಊರನ್ನು ಬರೀ ಶೀರ್ಷಿಕೆಯ ಪದವಾಗಿ ಬಿಡದೆ ಟ್ಯಾಕ್ಸಾನಮಿಯ ಒಂದು ನಮೂದಾಗಿ ಮಾಡಿ. ಅದಕ್ಕೆ 'ವಿಳಾಸದ ರೂಪ' ಎಂಬ ಪ್ರತ್ಯೇಕ ಫೀಲ್ಡ್ ಇರಲಿ. ಐಸಿಯು ಒಂದು ಕರಡು ತುಂಬಿಕೊಡಲಿ, ಊರು ಬಲ್ಲವರೊಬ್ಬರು ನೋಡಿ ಒಪ್ಪಲಿ. ಸೊನ್ನೆಗೆ ಎಂ ಬರಬೇಕೋ ಎನ್ ಬರಬೇಕೋ ಅನ್ನುವುದೂ ಅಲ್ಲೇ ತೀರ್ಮಾನವಾಗಲಿ. ಪಾಥ್‌ಆಟೋ ಮಾದರಿ ಶೀರ್ಷಿಕೆಯ ಟೋಕನ್ನಿನ ಬದಲು ಈ ಫೀಲ್ಡಿನ ಟೋಕನ್ನನ್ನು ತೆಗೆದುಕೊಳ್ಳಲಿ. ಜಿಲ್ಲೆ, ಮಂಡಲ ಪುಟದ ಮಾಹಿತಿಯಾಗಿರಲಿ, ವಿಳಾಸದೊಳಗೆ ಬೇಡ. ಒಮ್ಮೆ ಪ್ರಕಟವಾದ ಮೇಲೆ ಅಲಿಯಾಸ್ ಬದಲಾಗದಂತೆ ಮೊದಲ ಆಯ್ಕೆಯನ್ನೇ ಇಡಿ. ರಾಯದುರ್ಗಂ, ಹೆಂಜೇರು ಮುಂತಾದ ಬದಲಿ ರೂಪಗಳಿಗೆ ಇನ್ನೊಂದು ಫೀಲ್ಡ್ ಮಾಡಿ, ಅವೆಲ್ಲ 301 ಸಂಕೇತದೊಂದಿಗೆ ಅಸಲು ಪುಟಕ್ಕೆ ಬಂದು ಸೇರುವಂತೆ ನಿಮ್ಮ ಮಾಡ್ಯೂಲ್ ನೋಡಿಕೊಳ್ಳಲಿ.

ತೆಲುಗು ಓದುಗರಿಗೂ ಇದೇ ತಾಣ ಬೇಕಲ್ಲವೇ? ಯುನಿಕೋಡಿನಲ್ಲಿ ಎರಡೂ ಲಿಪಿಗಳ ಕೋಷ್ಟಕ ಒಂದೇ ಜೋಡಣೆಯವು. ತೆಲುಗಿನ ಅಕ್ಷರಕ್ಕೆ 128 ಕೂಡಿಸಿದರೆ ಬಹುಪಾಲು ಕನ್ನಡದ ಅದೇ ಅಕ್ಷರ ಸಿಗುತ್ತದೆ. ಹುಡುಕಾಟಕ್ಕೆ ಎರಡನ್ನೂ ಒಂದೇ ಕೀಲಿಗೆ ತರಬಹುದು. ಡ್ರೂಪಲ್ ಪ್ರತಿ ಅಲಿಯಾಸಿನ ಜೊತೆ ಭಾಷೆಯನ್ನೂ ಇಟ್ಟುಕೊಳ್ಳುವುದರಿಂದ ಎರಡು ಭಾಷೆಯ ಪುಟಗಳು ಒಂದೇ ವಿಳಾಸದ ರೂಪವನ್ನು ಜಗಳವಿಲ್ಲದೆ ಹಂಚಿಕೊಳ್ಳಬಲ್ಲವು.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: "ಎಲ್ಲರೂ ಗೂಗಲ್ ಮಾಡಿಯೇ ಬರ್ತಾರೆ, ವಿಳಾಸ ಯಾರು ಓದ್ತಾರೆ ಸರ್?" ಓದುವವರು ಕಡಿಮೆ, ಒಪ್ಪುತ್ತೇನೆ. ಆದರೆ ವಿಳಾಸ ನಕಲಾಗುತ್ತದೆ. ಒಬ್ಬ ವಿದ್ಯಾರ್ಥಿ ಅದನ್ನು ಪ್ರಬಂಧದಲ್ಲಿ ಹಾಕುತ್ತಾಳೆ, ಇನ್ನೊಬ್ಬರು ಅಲ್ಲಿಂದ ನಕ್ಷೆಗೆ ಎತ್ತುತ್ತಾರೆ, ಆ ಕಾಗುಣಿತವೇ ಊರಿನ ಕಾಗುಣಿತವಾಗಿ ಓಡಾಡಲು ಶುರುವಾಗುತ್ತದೆ. ಗಡಿಯಲ್ಲಿರುವ ಊರಿಗೆ ಕನ್ನಡದ ಹೆಸರು ಉಳಿದಿರುವ ಜಾಗಗಳು ಮೊದಲೇ ಕಡಿಮೆ. ಅದರಲ್ಲಿ ಒಂದನ್ನು ನಮ್ಮ ಮಾಡ್ಯೂಲಿನ ಡಿಫಾಲ್ಟ್ ಸೆಟ್ಟಿಂಗಿಗೆ ಬಿಟ್ಟುಕೊಡಬಾರದು ಅನ್ನುವುದಷ್ಟೇ ನನ್ನ ವಾದ. ಮುಂದಿನ ಪ್ರಶ್ನೆ ತೆಗೆದುಕೊಳ್ಳೋಣ.