ಕೋಬಾಲ್ಟ್ ಲವಣಗಳ ಒಳರಚನೆ

ಕೋಬಾಲ್ಟ್ ಕ್ಲೋರೈಡು ಅಮೋನಿಯಾದೊಡನೆ ಕೂಡಿ ಹಲವು ಬಣ್ಣದ ಲವಣಗಳನ್ನು ಕೊಡುತ್ತದೆ. ಒಂದು ಕೋಬಾಲ್ಟ್ ಪರಮಾಣು ಹಾಗೂ ಮೂರು ಕ್ಲೋರಿನ್ ಪರಮಾಣುಗಳ ಜೊತೆಗೆ ಆರು ಅಮೋನಿಯಾ ಅಣುಗಳಿದ್ದರೆ ಲವಣವು ಕಿತ್ತಳೆ ಬೆರೆತ ಹಳದಿ, ಐದಿದ್ದರೆ ನೇರಳೆಗೆಂಪು, ನಾಲ್ಕಿದ್ದರೆ ಹಸಿರು. ಧಾತುಗಳ ಪ್ರಮಾಣವನ್ನು ಅಳೆದರೆ ಇಷ್ಟು ತಿಳಿಯುತ್ತದೆ. ಯಾವುದು ಯಾವುದಕ್ಕೆ ಬಂಧಿತವಾಗಿದೆ ಎಂಬುದು ಮಾತ್ರ ತಿಳಿಯುವುದಿಲ್ಲ.

ಅಮೋನಿಯಾ ಅಣುಗಳು ಸರಪಳಿಯಂತೆ ಒಂದಕ್ಕೊಂದು ಕೂಡಿರುತ್ತವೆ ಎಂಬುದು ಕೋಪನ್‌ಹೇಗನ್ನಿನ ಯೋರ್ಗನ್‌ಸನ್ ಅವರ ಮತವಾಗಿತ್ತು. 1893ರಲ್ಲಿ, ಜ್ಯೂರಿಕ್‌ನಲ್ಲಿದ್ದ 26 ವರ್ಷದ ಆಲ್‌ಫ್ರೆಡ್ ವರ್ನರ್ ಇದನ್ನು ಅಲ್ಲಗಳೆದರು. ಕೋಬಾಲ್ಟಿನ ಸುತ್ತ ಅಷ್ಟಮುಖಿಯ ಮೂಲೆಗಳಂತೆ ಆರು ಸ್ಥಾನಗಳಿವೆ. ಅಮೋನಿಯಾ ತೆರವು ಮಾಡಿದ ಸ್ಥಾನವನ್ನು ಕ್ಲೋರಿನ್ ತುಂಬುತ್ತದೆ. ಹಾಗೆ ಒಳಗೆ ಸೇರಿದ ಕ್ಲೋರಿನ್ ಬಿಗಿಯಾಗಿ ನಿಲ್ಲುತ್ತದೆ, ಹೊರಗುಳಿದದ್ದು ನೀರಿನಲ್ಲಿ ಅಯಾನಾಗಿ ಬೇರ್ಪಡುತ್ತದೆ ಎಂದು ಅವರು ವಾದಿಸಿದರು.

ಇದನ್ನು ಪರೀಕ್ಷಿಸುವ ಸಾಧನ ಸರಳವಾದುದು. ಲವಣದ ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಸೇರಿಸಿದರೆ ಬಿಡಿ ಕ್ಲೋರಿನ್ ಮಾತ್ರ ಬಿಳಿಯ ಗಸಿಯಾಗಿ ಇಳಿಯುತ್ತದೆ. ಹಳದಿ ಲವಣದಲ್ಲಿ ಮೂರೂ, ನೇರಳೆಗೆಂಪಿನಲ್ಲಿ ಎರಡು, ಹಸಿರಿನಲ್ಲಿ ಒಂದು ಹೀಗೆ ಇಳಿದವು. ದ್ರಾವಣವು ತಣ್ಣಗಿರುವುದು ಅವಶ್ಯ. ಬಹುಕಾಲ ಕುದಿಸಿದರೆ ಒಳಗಿನ ಕ್ಲೋರಿನ್ನೂ ಕಳಚಿಕೊಂಡು ಲೆಕ್ಕವೇ ತಪ್ಪುತ್ತದೆ. ವರ್ನರ್ ಮತ್ತು ಮಿಯೊಲಾಟಿ ಅಳೆದ ವಿದ್ಯುದ್ವಾಹಕತೆಯೂ ಇದೇ ಕ್ರಮದಲ್ಲಿ ಇಳಿಯುತ್ತ ಹೋಯಿತು.

ಆದರೆ ಗಸಿಯ ಈ ಲೆಕ್ಕ ಸರಪಳಿಯ ಮತಕ್ಕೂ ಒಪ್ಪುತ್ತಿತ್ತು. ಎರಡೂ ಮತಗಳು ಬೇರೆಯಾಗುವುದು ಮೂರೇ ಅಮೋನಿಯಾ ಇರುವ ಸಂಯುಕ್ತದಲ್ಲಿ. ಸರಪಳಿಯ ಪ್ರಕಾರ ಅದರಲ್ಲಿ ಒಂದು ಕ್ಲೋರಿನ್ ಬಿಡಿಯಾಗಿರಬೇಕು. ವರ್ನರ್ ಪ್ರಕಾರ ಒಂದೂ ಇರಕೂಡದು. ಯೋರ್ಗನ್‌ಸನ್ ಅವರೇ ತಯಾರಿಸಿದ ಇಂಥದೇ ಇರಿಡಿಯಮ್ ಸಂಯುಕ್ತದಲ್ಲಿ ಗಸಿ ಕಾಣಲಿಲ್ಲ. ತಮ್ಮ ಮತಕ್ಕೆ ವಿರುದ್ಧವಾದ ಫಲಿತಾಂಶವನ್ನೂ ಅವರು ಮುಚ್ಚಿಡಲಿಲ್ಲವೆಂಬುದು ಸ್ಮರಣೀಯ.

ಅಷ್ಟಮುಖಿಯ ಕಲ್ಪನೆ ನಿಜವಾದರೆ ಹಸಿರು ಲವಣಕ್ಕೆ ಅದೇ ಸಂಯೋಜನೆಯ ಇನ್ನೊಂದು ರೂಪವಿರಬೇಕಿತ್ತು: ಹಸಿರಿನಲ್ಲಿ ಎರಡು ಕ್ಲೋರಿನ್‌ಗಳು ಎದುರುಬದುರಾಗಿದ್ದರೆ, ಇದರಲ್ಲಿ ಅಕ್ಕಪಕ್ಕದಲ್ಲಿರಬೇಕು. ಆ ನೇರಳೆ ಲವಣವನ್ನು ವರ್ನರ್ 1907ರಲ್ಲಿ ತಯಾರಿಸಿದರು. ಯೋರ್ಗನ್‌ಸನ್ ಸೋಲನ್ನು ಒಪ್ಪಿಕೊಂಡರು. 1913ರಲ್ಲಿ ವರ್ನರ್ ಅವರಿಗೆ ನೊಬೆಲ್ ಪುರಸ್ಕಾರ ದೊರೆಯಿತು.

ಒಂದು ಸಂಶಯ ಆಗಲೂ ಉಳಿದಿತ್ತು. ಧ್ರುವೀಕೃತ ಬೆಳಕನ್ನು ಎಡಕ್ಕೂ ಬಲಕ್ಕೂ ತಿರುಗಿಸುವ ಕೋಬಾಲ್ಟ್ ಸಂಯುಕ್ತಗಳನ್ನು ಅವರು 1911ರಲ್ಲಿ ಬೇರ್ಪಡಿಸಿದಾಗ, ಅವುಗಳಲ್ಲಿದ್ದ ಇಂಗಾಲವೇ ಆ ಗುಣಕ್ಕೆ ಕಾರಣವೆಂದು ಕೆಲವರು ಆಕ್ಷೇಪಿಸಿದ್ದರು. 1914ರಲ್ಲಿ ವರ್ನರ್ ಪ್ರಕಟಿಸಿದ, ಅದೇ ಗುಣದ ಇನ್ನೊಂದು ಕೋಬಾಲ್ಟ್ ಸಂಯುಕ್ತದಲ್ಲಿ ಇಂಗಾಲದ ಒಂದು ಪರಮಾಣುವೂ ಇರಲಿಲ್ಲ.