ಮೋಟರಿಗೆ ರೇಡಿಯೋ ರಿಮೋಟು: ಕೊಳ್ಳುವ ಮುನ್ನ ಕಾಗದ ಕೇಳಿ

ನನ್ನ ಹೊಲ ಕೂಡ್ಲಿಗಿ - ಕೊಟ್ಟೂರು ನಡುವೆ. ಮನೆಯಿಂದ ಬೋರಿಗೆ ಅರ್ಧ ಕಿಲೋಮೀಟರು. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಬ್ಯಾಟರಿ ಹಿಡಿದು ಹೊರಡಲೇಬೇಕು. ಹಾವು, ಚೇಳು ಇದ್ದದ್ದೇ. ಕರಡಿಯ ಭಯ ಅದಕ್ಕಿಂತ ದೊಡ್ಡದು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವೇ ಇದೆಯಲ್ಲ!

ಮೊದಲು ಸಿಮ್ ಹಾಕುವ ಮೊಬೈಲ್ ಸ್ಟಾರ್ಟರ್ ಇಟ್ಟೆ. ಬೋರಿನ ಹತ್ತಿರ ಸಿಗ್ನಲ್ ನಿಲ್ಲದು. ಕರೆನ್ಸಿ ಹಾಕಿಸುವ ಕಾಟ ಬೇರೆ. ಹಾಗಾಗಿ 2022ರಲ್ಲಿ ಸಿಮ್ ಬೇಡದ ರೇಡಿಯೋ ರಿಮೋಟ್ ತಂದೆ. ಡಬ್ಬಿಯ ಮೇಲೆ 433 ಮೆಗಾಹರ್ಟ್ಸ್ ಎಂದಿತ್ತೇ ಹೊರತು ತಯಾರಕರ ಹೆಸರಿಲ್ಲ, ವಿಳಾಸವಿಲ್ಲ.

ನಾಲ್ಕು ತಿಂಗಳು ಚೆನ್ನಾಗೇ ನಡೀತು. ಬೇಸಿಗೆಯ ಒಂದು ಬೆಳಗ್ಗೆ ಪಕ್ಕದ ಹೊಲದ ತಮ್ಮ ಓಡಿ ಬಂದ. "ಅಣ್ಣಾ, ನಿನ್ನ ಸ್ಟಾರ್ಟರ್ ಡಬ್ಬಿ ಗುಂಯ್ ಅಂತೈತಿ, ಪೈಪಿನಾಗ ನೀರೇ ಇಲ್ಲ!" ನಾನು ಗುಂಡಿ ಒತ್ತೇ ಇರಲಿಲ್ಲ. ಹಿಂದಿನ ದಿನವಷ್ಟೇ ಅವನೂ ಅದೇ ಅಂಗಡಿಯಿಂದ ಅಂಥದ್ದೇ ರಿಮೋಟ್ ತಂದಿದ್ದ. ಎರಡಕ್ಕೂ ಒಂದೇ ಕೋಡು. ರಾತ್ರಿ ಅವನು ಒತ್ತಿದಾಗ ನನ್ನದೂ ಶುರುವಾಗಿ, ನೀರಿಲ್ಲದೆ ಓಡಿ ಮೋಟರ್ ಸುಟ್ಟಿತ್ತು. ಪೈಪು ಎತ್ತಿ ಇಳಿಸಿದ್ದು, ವೈಂಡಿಂಗ್ ಮಾಡಿಸಿದ್ದು ಎಲ್ಲ ನನ್ನ ತಲೆಗೇ.

ತಪ್ಪು ತಮ್ಮನದ್ದಲ್ಲ. ಕಾನೂನು ತಿಳಿಯದೆ ಕೊಂಡ ನಮ್ಮಿಬ್ಬರದು.

ಕಾನೂನು ಏನನ್ನುತ್ತದೆ?

ಆಕಾಶದ ಅಲೆಗಳಿಗೂ ಹದ್ದುಬಸ್ತು ಇದೆ. ಅದನ್ನು ನೋಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಕಡಿಮೆ ಶಕ್ತಿಯ ಸಾಧನಗಳಿಗೆ ಕೆಲವು ಪಟ್ಟಿಗಳನ್ನು ಲೈಸೆನ್ಸ್ ಇಲ್ಲದೆ ಬಿಟ್ಟುಕೊಟ್ಟಿದ್ದಾರೆ. 433ರಿಂದ 434 ಮೆಗಾಹರ್ಟ್ಸ್‌ಗೆ 2012ರಲ್ಲಿ ಕೊಟ್ಟ ವಿನಾಯಿತಿ 10 ಮಿಲಿವ್ಯಾಟ್ ಒಳಗೆ, ಅದೂ ಕಟ್ಟಡದೊಳಗಿನ ಬಳಕೆಗೆ. ಹೊಲಕ್ಕಲ್ಲ! ನಮಗೆ ಒಗ್ಗುವುದು 865ರಿಂದ 867. ಇದು 2005ರಲ್ಲೇ ಸಿಕ್ಕಿದೆ. 2021ರಲ್ಲಿ 868ರವರೆಗೆ ಹಿಗ್ಗಿಸಿದರು. ಇಲ್ಲಿ ಪ್ರೇಷಕದ ಶಕ್ತಿ 1 ವ್ಯಾಟ್‌ವರೆಗೆ ಇರಬಹುದು.

ಆನ್‌ಲೈನಿನಲ್ಲಿ 915 ಮೆಗಾಹರ್ಟ್ಸ್ ಮಾಡ್ಯೂಲು ಸಿಗುತ್ತವೆ. ಅವು ಅಮೆರಿಕದ ನಿಯಮಕ್ಕೆ ಮಾಡಿದವು. ನಮ್ಮಲ್ಲಿ 890ರಿಂದ 915 ಮೊಬೈಲ್ ಫೋನುಗಳ ಪಾಲು. ಅದನ್ನು ತರಬೇಡಿ.

ಲೈಸೆನ್ಸ್ ಬೇಡವೆಂದರೆ ಕಾಗದವೇ ಬೇಡವೆಂದಲ್ಲ. ಮಾಡೆಲ್‌ಗೆ ಇಟಿಎ ಎಂಬ ಒಪ್ಪಿಗೆಪತ್ರ ಇರಬೇಕು. ಪರೀಕ್ಷಾ ವರದಿ ಇಟ್ಟು 'ಸರಳ ಸಂಚಾರ್' ಜಾಲತಾಣದಲ್ಲಿ ಅದನ್ನು ಪಡೆಯುವುದು ತಯಾರಕರ ಅಥವಾ ಆಮದುದಾರರ ಕೆಲಸ. ನಾವು ಅರ್ಜಿ ಹಾಕಬೇಕಿಲ್ಲ, ಕೇಳಿ ನೋಡಿದರೆ ಸಾಕು.

ಕಾಗದ ಹೇಳದ ಮಾತು

ಇಟಿಎ ಹೇಳುವುದು ಅಲೆ ಯಾವುದು, ಶಕ್ತಿ ಎಷ್ಟು ಎಂಬುದನ್ನಷ್ಟೇ. ಕೋಡು ಬೇರೆ ಬೇರೆ ಇದೆಯೇ, ಮೋಟರ್ ಉಳಿಯುತ್ತದೆಯೇ ಎಂಬುದಕ್ಕೆ ಅದು ಹೊಣೆಯಲ್ಲ. ಇನ್ನೊಂದು ಮಾತು: ಲೈಸೆನ್ಸ್ ಇಲ್ಲದ ಅಲೆ ಊರ ಬಂಡಿದಾರಿ ಇದ್ದಂಗೆ. ಎಲ್ಲರೂ ಓಡಾಡಬಹುದು, ಅಡ್ಡ ಬಂದರೆಂದು ದೂರು ಕೊಡುವಂತಿಲ್ಲ. ಆದ್ದರಿಂದ ಕೊಳ್ಳುವಾಗ ಇಷ್ಟನ್ನು ಕೇಳಿ:

1. ಮಾಡೆಲ್ ನಂಬರು ಇಟಿಎ ಪತ್ರದಲ್ಲಿರುವುದೇ?
2. ಅಲೆ 865 - 868ರ ಒಳಗಿದೆಯೇ?
3. ಪ್ರತಿ ಜೋಡಿಗೂ ಬೇರೆ ಕೋಡು ಇದೆಯೇ?
4. ಮೋಟರ್ ಓಡಿದ್ದನ್ನು ಕರೆಂಟು ಅಳೆದು ವಾಪಸ್ ತಿಳಿಸುತ್ತದೆಯೇ?
5. ನೀರಿಲ್ಲದಾಗ ತಾನೇ ನಿಲ್ಲಿಸುವ ಏರ್ಪಾಡು ಇದೆಯೇ?

ನಾನೂ ತಮ್ಮನೂ ಈಗ ಇಂಥದ್ದನ್ನೇ ಇಟ್ಟಿದ್ದೇವೆ. ಏರಿಯಲ್ಲನ್ನು ಬೆಳೆಗಿಂತ ಎತ್ತರಕ್ಕೆ, ಕಂಬಕ್ಕೆ ಕಟ್ಟಿದ್ದೇವೆ. ಮೆಕ್ಕೆಜೋಳ ಆಳೆತ್ತರ ಬಂದಾಗಲೂ ಸಿಗ್ನಲ್ ತಪ್ಪಿಲ್ಲ. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಬೋರಿನ ರೈತರಿಗೂ ನನ್ನದು ಇದೇ ಮಾತು: ಅಂಗಡಿಯವರು ಕಾಗದ ತೋರಿಸದಿದ್ದರೆ ಡಬ್ಬಿ ಅಲ್ಲೇ ಬಿಟ್ಟು ಬನ್ನಿ. ಉಳಿಸಿದ ಹಣ ಮೋಟರ್ ಎತ್ತುವುದಕ್ಕೂ ಸಾಲದು.