ಹುಬ್ಬಿನ ಮಾತು

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆಡದ ಮಾತಿನಿಂದಲೂ ಮುತ್ತು ಒಡೆಯುವುದುಂಟು ಎಂಬುದನ್ನು ನಾವು ಮುಂಬಯಿಗೆ ಬಂದ ಮೇಲೆ ಕಲಿತೆವು.

ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ಒಂದು ವರ್ಷ ಕ್ರಿಸ್ಮಸ್ ಕೂಟದ ಚಂದಾ ಲೆಕ್ಕ ಎರಡು ತಿಂಗಳಾದರೂ ಬರಲಿಲ್ಲ. ಆರಾಧನೆ ಮುಗಿದು ಚಹಾ ಕುಡಿಯುತ್ತಿರುವಾಗ ಒಬ್ಬರು, “ಹಣವೆಲ್ಲ ಎಲ್ಲಿ ಹೋಯಿತೋ!” ಎಂದರು. ನಾವು ಏನೂ ಹೇಳಲಿಲ್ಲ. ಹುಬ್ಬೇರಿಸಿ ನಕ್ಕೆವು, ಅಷ್ಟೆ. ಸರಕಾರಿ ಕಚೇರಿಯಲ್ಲಿ ಲೆಕ್ಕ ಬರೆಯುವವರೇ ಹಾಗೆ ನಕ್ಕ ಮೇಲೆ ಉಳಿದವರಿಗೆ ಬೇರೆ ಸಾಕ್ಷಿ ಬೇಕೆ? ಮುಂದಿನ ತಿಂಗಳಿಂದ ಖಜಾಂಚಿಯವರ ಮನೆಯವರು ಆರಾಧನೆಗೆ ಬರುವುದನ್ನೇ ಬಿಟ್ಟರು.

ಆಮೇಲೆ ಲೆಕ್ಕ ಬಂತು. ಒಂದು ಪೈಸೆಯೂ ತಪ್ಪಿರಲಿಲ್ಲ. ಶಾಮಿಯಾನದವನ ರಸೀದಿಗಾಗಿ ಅವರು ಕಾದಿದ್ದರಂತೆ. ನಾವು ಮನೆಗೆ ಹೋಗಿ ಕ್ಷಮೆ ಬೇಡಿದೆವು. “ನೀವು ಬಾಯಿ ಬಿಟ್ಟು ಕೇಳಿದ್ದರೆ ಉತ್ತರ ಕೊಡುತ್ತಿದ್ದೆ. ನಗೆಗೆ ಏನೆಂದು ಉತ್ತರ ಕೊಡಲಿ?” ಎಂದರು ಅವರು.

ಅಂದು ರಾತ್ರಿ ಸತ್ಯವೇದವನ್ನು ತೆರೆದೆವು. ಯಾಕೋಬನ ಪತ್ರಿಕೆಯ 3ನೆಯ ಅಧ್ಯಾಯ ನಾಲಿಗೆಯನ್ನು ಕಾಡು ಸುಡುವ ಕಿಡಿಗೆ ಹೋಲಿಸುತ್ತದೆ. ಅದು ನಮಗೆ ಗೊತ್ತಿತ್ತು. ಆದರೆ ಜ್ಞಾನೋಕ್ತಿಗಳ 6ನೆಯ ಅಧ್ಯಾಯ ಕಣ್ಣುಸನ್ನೆ, ಕಾಲುಸನ್ನೆ, ಬೆರಳುಸನ್ನೆಗಳನ್ನೂ ದುಷ್ಟನ ಲಕ್ಷಣಗಳಲ್ಲಿ ಎಣಿಸುತ್ತದೆ. ಅದನ್ನು ನಾವು ಎಷ್ಟೋ ಸಲ ಓದಿ ದಾಟಿದ್ದೆವು.

ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ ಬಿಷಪರಾಗಿದ್ದ ಸಂತ ಅಗಸ್ಟೀನರು (354–430) ಈ ರೋಗಕ್ಕೆ ತಮ್ಮ ಮನೆಯಲ್ಲೇ ಮದ್ದು ಮಾಡಿದ್ದರು. ಎದುರಿಗಿಲ್ಲದವರನ್ನು ಆಡಿಕೊಳ್ಳುವವರಿಗೆ ಇಲ್ಲಿ ಸ್ಥಳವಿಲ್ಲ ಎಂಬ ಅರ್ಥದ ಸಾಲುಗಳನ್ನು ಊಟದ ಮೇಜಿನ ಮೇಲೆ ಬರೆಯಿಸಿದ್ದರು. ಒಮ್ಮೆ ಆಪ್ತರಾದ ಬಿಷಪರೇ ಅದನ್ನು ಮರೆತು ಮಾತಿಗಿಳಿದಾಗ, ಆ ಸಾಲುಗಳನ್ನು ಅಳಿಸಬೇಕು, ಇಲ್ಲವೇ ತಾವು ಊಟ ಬಿಟ್ಟು ಏಳಬೇಕು ಎಂದು ಗದರಿಸಿದರಂತೆ. ಆ ಪಂಕ್ತಿಯಲ್ಲಿದ್ದ ಶಿಷ್ಯ ಪೊಸಿಡಿಯಸರೇ ಇದನ್ನು ಬರೆದಿಟ್ಟಿದ್ದಾರೆ.

ನಮ್ಮ ಒಂದು ಕೋಣೆಯ ಮನೆಯಲ್ಲಿ ಮೇಜಿಲ್ಲ; ನಿಯಮಕ್ಕೆ ಮೇಜು ಬೇಕಾಗಿಯೂ ಇಲ್ಲ. ಸಂಶಯ ಬಂದರೆ ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯ ಹೇಳುವಂತೆ ಆ ವ್ಯಕ್ತಿಯ ಬಳಿಗೇ ಹೋಗಿ, ಇಬ್ಬರೇ ಇದ್ದಾಗ ಕೇಳುವುದು; ಮೂರನೆಯವರ ಮುಂದೆ ಬಾಯಿಯನ್ನಷ್ಟೇ ಅಲ್ಲ, ಮುಖವನ್ನೂ ಹಿಡಿತದಲ್ಲಿಡುವುದು. ಮಕ್ಕಳು ನಮ್ಮ ಮಾತಿಗಿಂತ ಮೊದಲು ನಮ್ಮ ಹುಬ್ಬನ್ನು ಕಲಿಯುತ್ತಾರಲ್ಲವೇ?

ಕಡತದಲ್ಲಿ ತಪ್ಪು ಬರೆದರೆ ಗೆರೆ ಹೊಡೆದು ಪಕ್ಕದಲ್ಲಿ ಸಹಿ ಹಾಕಬಹುದು. ಸನ್ನೆಗೆ ಆ ಸೌಕರ್ಯವಿಲ್ಲ. ಊರು ಬಿಟ್ಟು ಬಂದ ನಮಗೆ ಇಲ್ಲಿ ನಂಟರೆಂದರೆ ನಾಲ್ಕು ಮನೆ. ಅದರಲ್ಲೊಂದನ್ನು ನಾವು ನಕ್ಕು ಕಳೆದುಕೊಂಡೆವು. ಖಜಾಂಚಿಯವರು ಈಗ ಮತ್ತೆ ಆರಾಧನೆಗೆ ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಕುಳಿತು, ಚಹಾಕ್ಕೆ ನಿಲ್ಲದೆ ಹೋಗುತ್ತಾರೆ.